ದೋಹಾದ ನಡುರಾತ್ರಿ ನಡಿಗೆ: 50 ಕಿ.ಮೀ. ಸ್ಪರ್ಧೆಯ ಕೊನೆಯ ಅಧ್ಯಾಯ

2019ರ ಸೆಪ್ಟೆಂಬರ್ 28, ಶನಿವಾರ. ಕತಾರ್‌ನ ರಾಜಧಾನಿ ದೋಹಾದಲ್ಲಿ ರಾತ್ರಿ ಹನ್ನೊಂದೂವರೆ ಗಂಟೆ. ಸಮುದ್ರದಂಚಿನ ಕೊರ್ನಿಷ್ ರಸ್ತೆಯಲ್ಲಿ ವಿದ್ಯುದ್ದೀಪಗಳ ಹೊನಲು ಹರಿದಿತ್ತು. ಸೂರ್ಯ ಮುಳುಗಿ ಆರು ಗಂಟೆ ಕಳೆದಿದ್ದರೂ ತಾಪಮಾನ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಿರಲಿಲ್ಲ. ಗಾಳಿಯಲ್ಲಿನ ತೇವಾಂಶ ಶೇ 70ನ್ನು ದಾಟಿತ್ತು. ಆ ಹೊತ್ತಿಗೆ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ 50 ಕಿಲೊಮೀಟರ್ ನಡಿಗೆ ಸ್ಪರ್ಧೆಗೆ ಚಾಲನೆ ದೊರೆಯಿತು. ಸ್ಪರ್ಧೆ ಮುಗಿದು ವಿಜೇತರು ಗೆರೆ ದಾಟುವಾಗ ಅಲ್ಲಿ ನಸುಕಿನ ಮೂರೂವರೆ ಮೀರಿತ್ತು. ನಮ್ಮಲ್ಲಿ ಹಾಲಿನವರು ಮನೆಮನೆಯ ಬಾಗಿಲು ತಟ್ಟುವ ಸಮಯ.

ಜಪಾನ್‌ನ ಯೂಸುಕೆ ಸುಜುಕಿ 4 ಗಂಟೆ 4 ನಿಮಿಷ 20 ಸೆಕೆಂಡುಗಳಲ್ಲಿ ದೂರ ಕ್ರಮಿಸಿ ಚಿನ್ನ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನ ನಡಿಗೆ ಸ್ಪರ್ಧೆಗಳಲ್ಲಿ ಜಪಾನ್‌ಗೆ ಸಂದ ಮೊದಲ ಚಿನ್ನವದು. ಪೋರ್ಚುಗಲ್‌ನ ಜೊವಾವೊ ವಿಯೆರಾ 4 ಗಂಟೆ 4 ನಿಮಿಷ 59 ಸೆಕೆಂಡುಗಳೊಂದಿಗೆ ಬೆಳ್ಳಿ ಪಡೆದರು. ಆಗ ಅವರಿಗೆ 43 ವರ್ಷ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆವರೆಗೆ ಅಷ್ಟು ಹಿರಿಯ ವಯಸ್ಸಿನಲ್ಲಿ ಪದಕ ಗೆದ್ದವರು ಇರಲಿಲ್ಲ. ಅವರ ಬೆನ್ನಿಗೇ ಮೂರು ಸೆಕೆಂಡು ಅಂತರದಲ್ಲಿ ಬಂದ ಕೆನಡಾದ ಇವಾನ್ ಡನ್ಫಿ ಅವರಿಗೆ ಕಂಚು. ಸ್ಪರ್ಧೆ ಆರಂಭವಾದ ದಿನ ಡನ್ಫಿ ಅವರ 29ನೇ ಜನ್ಮದಿನ.

ಫಲಿತಾಂಶವನ್ನು ಇಷ್ಟಕ್ಕೇ ಓದಿ ಪುಟ ಮಗುಚಬಹುದು. ಆದರೆ ಆ ರಾತ್ರಿಯ ನಡಿಗೆ ಕೇವಲ ಮೂರು ಪದಕಗಳ ವಿಷಯವಾಗಿ ಉಳಿಯಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ನಕ್ಷೆಯನ್ನೇ ಬದಲಿಸುವುದಕ್ಕೆ ಅದು ಒಂದು ಕಾರಣವಾಯಿತು. ಪುರುಷರ 50 ಕಿ.ಮೀ. ನಡಿಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾಣಿಸಿಕೊಂಡದ್ದು ಅದೇ ಕೊನೆಯ ಸಲ.

ನಡಿಗೆಯೋ, ಓಟವೋ?

ನಡಿಗೆ ಸ್ಪರ್ಧೆಯನ್ನು ಮೊದಲ ಸಲ ನೋಡಿದವರು ನಗುವುದುಂಟು. ಸೊಂಟ ಅತ್ತಿತ್ತ ಹೊರಳುತ್ತದೆ, ಮೊಣಕೈಗಳು ಪಿಸ್ಟನ್‌ಗಳಂತೆ ಹಿಂದೆ ಮುಂದೆ ಚಲಿಸುತ್ತವೆ. ಬಾತುಕೋಳಿಯ ನಡಿಗೆಯೆಂದು ಹಾಸ್ಯ ಮಾಡುವವರಿಗೆ ಕೊರತೆಯಿಲ್ಲ. ಜಿಲ್ಲಾ ಮಟ್ಟದ ಕೂಟಗಳಲ್ಲಿ ಬೆಳಗಿನ ಜಾವ, ಪ್ರೇಕ್ಷಕರೇ ಬಾರದ ಹೊತ್ತಿನಲ್ಲಿ ಈ ಸ್ಪರ್ಧೆಯನ್ನು ಮುಗಿಸಿಬಿಡುವ ರೂಢಿಯನ್ನು ಈ ವರದಿಗಾರ ಕಂಡಿದ್ದಾನೆ. ಪತ್ರಿಕೆಗಳೂ ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡುವುದು ಅಪರೂಪ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆ ವಿಚಿತ್ರ ಭಂಗಿಯ ಹಿಂದೆ ಎರಡು ನಿಯಮಗಳಿವೆ. ಮೊದಲನೆಯದು, ನಡೆಯುವವರ ಒಂದಲ್ಲ ಒಂದು ಪಾದ ಸದಾ ನೆಲಕ್ಕೆ ತಾಗಿರಬೇಕು. ಎರಡೂ ಪಾದಗಳು ನೆಲದಿಂದ ಮೇಲಿರುವುದು ಬರಿಗಣ್ಣಿಗೆ ಕಾಣಬಾರದು. ಎರಡನೆಯದು, ಮುಂದಿಟ್ಟ ಕಾಲು ನೆಲಕ್ಕೆ ತಾಗಿದ ಕ್ಷಣದಿಂದ ದೇಹದ ಭಾರ ನೇರ ಅದರ ಮೇಲೆ ಬರುವವರೆಗೂ ಮೊಣಕಾಲು ಮಡಚಕೂಡದು. ಓಡುವವರು ಮೊಣಕಾಲು ಮಡಚಿ, ನೆಲ ಬಿಟ್ಟು ಚಿಮ್ಮುವುದರಿಂದಲೇ ವೇಗ ಗಳಿಸುತ್ತಾರೆ. ನಡೆಯುವವರಿಗೆ ಆ ಎರಡೂ ದಾರಿಗಳು ಮುಚ್ಚಿವೆ. ಹಾಗಾಗಿ ಹೆಜ್ಜೆಯ ಉದ್ದವನ್ನು ಸೊಂಟದ ಹೊರಳುವಿಕೆಯಿಂದಲೂ, ವೇಗವನ್ನು ಹೆಜ್ಜೆಗಳ ಸಂಖ್ಯೆಯಿಂದಲೂ ಸಂಪಾದಿಸಬೇಕಾಗುತ್ತದೆ. ಅಗ್ರಶ್ರೇಣಿಯ ಸ್ಪರ್ಧಿ ನಿಮಿಷಕ್ಕೆ ಸುಮಾರು 200 ಹೆಜ್ಜೆ ಹಾಕುತ್ತಾರೆ.

ಹಾಗೆ ಗಳಿಸಿದ ವೇಗ ಎಷ್ಟೆಂಬುದನ್ನು ನೋಡಿದರೆ ನಗು ನಿಂತುಬಿಡುತ್ತದೆ. 20 ಕಿ.ಮೀ. ನಡಿಗೆಯಲ್ಲಿ ಜಪಾನ್‌ನ ತೊಶಿಕಾಝು ಯಮಾನಿಶಿ 2025ರ ಫೆಬ್ರುವರಿಯಲ್ಲಿ ಕೋಬೆಯಲ್ಲಿ ಸ್ಥಾಪಿಸಿದ ವಿಶ್ವದಾಖಲೆ 1 ಗಂಟೆ 16 ನಿಮಿಷ 10 ಸೆಕೆಂಡು. ಅಂದರೆ ಪ್ರತಿ ಕಿಲೊಮೀಟರ್‌ಗೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಉದ್ಯಾನದಲ್ಲಿ ಬೆಳಿಗ್ಗೆ ಓಡುವ ನಮ್ಮಲ್ಲಿ ಬಹುತೇಕರು ಆ ವೇಗದಲ್ಲಿ ಒಂದು ಕಿಲೊಮೀಟರ್ ಓಡಿ ತೋರಿಸುವುದೂ ಕಷ್ಟ. 50 ಕಿ.ಮೀ.ನಲ್ಲಿ ಫ್ರಾನ್ಸ್‌ನ ಯೊಹಾನ್ ಡಿನಿ 2014ರಲ್ಲಿ ಜ್ಯೂರಿಕ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ದಾಖಲಿಸಿದ ಸಮಯ 3 ಗಂಟೆ 32 ನಿಮಿಷ 33 ಸೆಕೆಂಡು. ಗಂಟೆಗೆ 14 ಕಿ.ಮೀ. ವೇಗದಲ್ಲಿ ಮೂರೂವರೆ ಗಂಟೆ ಕಾಲ, ಮೊಣಕಾಲು ಮಡಚದೆ!

ಇಲ್ಲಿ ಒಂದು ಸೂಕ್ಷ್ಮವಿದೆ. ಇಷ್ಟು ವೇಗದಲ್ಲಿ ನಡೆಯುವವರ ಪಾದಗಳು ವಾಸ್ತವವಾಗಿ ಪ್ರತಿ ಹೆಜ್ಜೆಗೂ ಸೆಕೆಂಡಿನ ಕೆಲವು ನೂರನೇ ಒಂದು ಭಾಗದಷ್ಟು ಕಾಲ ನೆಲ ಬಿಟ್ಟಿರುತ್ತವೆ. ಅತಿವೇಗದ ಕ್ಯಾಮೆರಾಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಿಯಮ ಕೇಳುವುದು ಬರಿಗಣ್ಣಿನ ಸಾಕ್ಷ್ಯವನ್ನು ಮಾತ್ರ. ಕ್ಯಾಮೆರಾದ ಸಾಕ್ಷ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಕ್ರಿಕೆಟ್‌ನಲ್ಲಿ ಚೆಂಡು ಬ್ಯಾಟಿಗೆ ಸವರಿದ ಸದ್ದನ್ನೂ ಯಂತ್ರದಿಂದ ಅಳೆಯುವ ಕಾಲದಲ್ಲಿ ಇದು ವಿಚಿತ್ರವೆನಿಸಬಹುದು. ಪಾದರಕ್ಷೆಯೊಳಗೆ ವಿದ್ಯುನ್ಮಾನ ಸಾಧನ ಅಳವಡಿಸುವ ಪ್ರಯೋಗಗಳು ನಡೆದಿವೆಯಾದರೂ ತೀರ್ಪಿನ ಅಧಿಕಾರ ಇಂದಿಗೂ ಮನುಷ್ಯರ ಕಣ್ಣಿನದೇ.

ಕೆಂಪು ಕಾರ್ಡಿನ ಲೆಕ್ಕಾಚಾರ

ದೊಡ್ಡ ಕೂಟಗಳಲ್ಲಿ ಒಂದರಿಂದ ಎರಡು ಕಿ.ಮೀ. ಉದ್ದದ ಸುತ್ತಿನಲ್ಲಿ ಸ್ಪರ್ಧಿಗಳು ಮತ್ತೆ ಮತ್ತೆ ಸುತ್ತುತ್ತಾರೆ. ಬೇರೆ ಬೇರೆ ದೇಶಗಳ ತೀರ್ಪುಗಾರರು ರಸ್ತೆಯುದ್ದಕ್ಕೂ ನಿಂತಿರುತ್ತಾರೆ. ಯಾರದಾದರೂ ನಡಿಗೆ ನಿಯಮದ ಅಂಚಿಗೆ ಬಂದಂತೆ ಕಂಡರೆ ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ. ಫಲಕದ ಮೇಲೆ ಅಲೆಯಂಥ ಗೆರೆಯಿದ್ದರೆ ಪಾದ ನೆಲ ಬಿಡುತ್ತಿದೆ ಎಂದರ್ಥ; ಮಡಚಿದ ಕೋನದ ಚಿಹ್ನೆಯಿದ್ದರೆ ಮೊಣಕಾಲು ಬಾಗುತ್ತಿದೆ ಎಂದು. ತಪ್ಪು ಖಚಿತವೆನಿಸಿದರೆ ಕೆಂಪು ಕಾರ್ಡು ಮುಖ್ಯ ತೀರ್ಪುಗಾರರಿಗೆ ಹೋಗುತ್ತದೆ. ಒಬ್ಬ ತೀರ್ಪುಗಾರ ಒಬ್ಬ ಸ್ಪರ್ಧಿಯ ವಿರುದ್ಧ ಒಂದೇ ಕೆಂಪು ಕಾರ್ಡು ನೀಡಬಹುದು. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಕಾರ್ಡುಗಳಾದರೆ ಹಿಂದೆ ನೇರವಾಗಿ ಅನರ್ಹತೆ. ಸ್ಪರ್ಧಿಗೆ ತನ್ನ ಖಾತೆಯಲ್ಲಿ ಎಷ್ಟು ಕಾರ್ಡುಗಳಿವೆ ಎಂಬುದು ರಸ್ತೆ ಬದಿಯ ಫಲಕವನ್ನು ಓದಿದಾಗಲೇ ಗೊತ್ತಾಗುವುದು.

ಈ ವ್ಯವಸ್ಥೆಯ ಕ್ರೌರ್ಯವನ್ನು ಜಗತ್ತು ಕಂಡದ್ದು 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ. ಪುರುಷರ 20 ಕಿ.ಮೀ. ನಡಿಗೆಯಲ್ಲಿ ಮೆಕ್ಸಿಕೊದ ಬರ್ನಾರ್ಡೊ ಸೆಗುರಾ ಎಲ್ಲರಿಗಿಂತ ಮೊದಲು ಗೆರೆ ದಾಟಿದರು. ದೇಶದ ಅಧ್ಯಕ್ಷ ಎರ್ನೆಸ್ಟೊ ಜೆಡಿಯೊ ದೂರವಾಣಿಯಲ್ಲಿ ಅಭಿನಂದಿಸುತ್ತಿದ್ದಾಗಲೇ ಮೂರನೆಯ ಕಾರ್ಡಿನ ಸುದ್ದಿ ಬಂತು. ಚಿನ್ನ ಪೋಲೆಂಡಿನ ರಾಬರ್ಟ್ ಕೊರ್ಜೆನಿಯೋವ್ಸ್ಕಿ ಅವರ ಪಾಲಾಯಿತು. ಅದೇ ಕೂಟದ ಮಹಿಳೆಯರ ಸ್ಪರ್ಧೆಯಲ್ಲಿ ಆತಿಥೇಯ ಆಸ್ಟ್ರೇಲಿಯಾದ ಜೇನ್ ಸಾವಿಲ್ ಮುನ್ನಡೆಯಲ್ಲಿದ್ದಾಗ, ಕಿಕ್ಕಿರಿದ ಕ್ರೀಡಾಂಗಣದ ಹೊಸ್ತಿಲಲ್ಲೇ ಅವರನ್ನು ತಡೆದು ಹೊರಗಿಡಲಾಯಿತು.

ಈಚಿನ ವರ್ಷಗಳಲ್ಲಿ ಈ ಕಠೋರತೆಯನ್ನು ಸ್ವಲ್ಪ ಮೃದುಗೊಳಿಸಲಾಗಿದೆ. ಮೂರನೆಯ ಕಾರ್ಡಿಗೆ ಈಗ ದಂಡದ ಅಂಕಣದಲ್ಲಿ ಕಾಯುವ ಶಿಕ್ಷೆ: 20 ಕಿ.ಮೀ. ಸ್ಪರ್ಧೆಯಲ್ಲಿ ಎರಡು ನಿಮಿಷ, 35 ಕಿ.ಮೀ.ನಲ್ಲಿ ಮೂರೂವರೆ ನಿಮಿಷ. ನಾಲ್ಕನೆಯದು ಬಂದರೆ ಮಾತ್ರ ಅನರ್ಹತೆ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವತಃ ವಿಶ್ವದಾಖಲೆಯ ಒಡೆಯ ಯಮಾನಿಶಿ ತವರಿನ ಪ್ರೇಕ್ಷಕರೆದುರು ಆ ಅಂಕಣದಲ್ಲಿ ಎರಡು ನಿಮಿಷ ನಿಲ್ಲಬೇಕಾಯಿತು. ಪದಕ ಕೈತಪ್ಪಿತು, ಚಿನ್ನ ಬ್ರೆಜಿಲ್‌ನ ಕಾಯೊ ಬಾನ್‌ಫಿಮ್ ಅವರಿಗೆ ಒಲಿಯಿತು.

ತೇವದ ಬಿಸಿಲಿಲ್ಲದ ಬಿಸಿ

ಮತ್ತೆ ದೋಹಾಕ್ಕೆ ಬರೋಣ. ಸ್ಪರ್ಧೆಯನ್ನು ನಡುರಾತ್ರಿಗೆ ಇಟ್ಟಿದ್ದೇ ಹಗಲಿನ ಬಿಸಿಯಿಂದ ತಪ್ಪಿಸಿಕೊಳ್ಳಲು. ಓಟ, ಜಿಗಿತ, ಎಸೆತಗಳು ನಡೆದ ಖಲೀಫಾ ಕ್ರೀಡಾಂಗಣಕ್ಕೆ ಹವಾನಿಯಂತ್ರಣದ ವ್ಯವಸ್ಥೆಯಿತ್ತು. ರಸ್ತೆಗೆ ಅದೆಲ್ಲಿಂದ ಬರಬೇಕು? ಹಿಂದಿನ ರಾತ್ರಿ ಆರಂಭವಾದ ಮಹಿಳೆಯರ ಮ್ಯಾರಥಾನ್‌ನಲ್ಲಿ 68 ಮಂದಿ ಹೊರಟು 40 ಮಂದಿ ಮಾತ್ರ ಗುರಿ ಮುಟ್ಟಿದ್ದರು. ಗಾಲಿಕುರ್ಚಿ ಹಾಗೂ ಸ್ಟ್ರೆಚರ್‌ಗಳಲ್ಲಿ ಓಟಗಾರ್ತಿಯರನ್ನು ಸಾಗಿಸಿದ ಚಿತ್ರಗಳು ಜಗತ್ತಿನೆಲ್ಲೆಡೆ ಪ್ರಸಾರವಾಗಿದ್ದವು. ಅದೇ ಕೊರ್ನಿಷ್‌ನಲ್ಲಿ ಮರುರಾತ್ರಿ ಅದಕ್ಕಿಂತ ಉದ್ದದ ಸ್ಪರ್ಧೆ.

30 ಡಿಗ್ರಿ ಎಂದರೆ ಅಷ್ಟೇನು ದೊಡ್ಡದು ಎಂದು ಕಲಬುರ್ಗಿ, ರಾಯಚೂರಿನ ಓದುಗರು ಕೇಳಬಹುದು. ಉತ್ತರವನ್ನು ಮಂಗಳೂರಿನವರು ಕೊಡುತ್ತಾರೆ. ದೇಹ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆರುವುದರಿಂದ. ಗಾಳಿಯೇ ನೀರಿನಿಂದ ತುಂಬಿದ್ದಾಗ ಬೆವರು ಆರದೆ ಮೈಮೇಲೆ ಹರಿದು ನೆಲಕ್ಕೆ ಬೀಳುತ್ತದೆ. ದೇಹದಿಂದ ನೀರೂ ಲವಣವೂ ಹೋಯಿತು, ತಂಪು ಮಾತ್ರ ಬರಲಿಲ್ಲ. ಬಯಲುಸೀಮೆಯ ಒಣ ಬಿಸಿಲಿನಲ್ಲಿ ನೆರಳು ಸಿಕ್ಕರೆ ಜೀವ ಬಂದಂತಾಗುತ್ತದೆ. ಕರಾವಳಿಯ ಮೇ ತಿಂಗಳಲ್ಲಿ ನೆರಳಿನಲ್ಲಿ ಕುಳಿತರೂ ಅಂಗಿ ಒದ್ದೆ. ದೋಹಾದಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರಿಗೆ ಆ ರಾತ್ರಿಯ ಹವೆ ಅಪರಿಚಿತವೇನೂ ಅಲ್ಲ.

ಇದಕ್ಕೆ ಸ್ನಾಯುಗಳ ಶಾಖವನ್ನೂ ಸೇರಿಸಬೇಕು. ದುಡಿಯುವ ಸ್ನಾಯು ಬಳಸುವ ಶಕ್ತಿಯ ಬಹುಪಾಲು ಚಲನೆಯಾಗದೆ ಶಾಖವಾಗುತ್ತದೆ. ಆ ಶಾಖವನ್ನು ಚರ್ಮಕ್ಕೆ ಸಾಗಿಸಲು ಹೃದಯ ಹೆಚ್ಚು ರಕ್ತವನ್ನು ಅತ್ತ ಹರಿಸುತ್ತದೆ. ಸ್ನಾಯುಗಳಿಗೂ ಕರುಳಿಗೂ ಅಷ್ಟು ಕೊರತೆ. ಕುಡಿದ ನೀರು ಹೊಟ್ಟೆಯಲ್ಲೇ ನಿಂತು ವಾಂತಿಯಾಗುವುದಕ್ಕೆ, ಕಾಲು ಸೆಡೆಯುವುದಕ್ಕೆ ಇದೂ ಒಂದು ಕಾರಣ. ದೇಹದೊಳಗಿನ ತಾಪ 40 ಡಿಗ್ರಿ ಮೀರಿ ಏರುತ್ತಾ ಹೋದರೆ ಅಪಾಯ ಪದಕಕ್ಕಲ್ಲ, ಪ್ರಾಣಕ್ಕೆ. ನುಂಗಬಹುದಾದ ಪುಟ್ಟ ತಾಪಮಾಪಕ ಗುಳಿಗೆಗಳ ಮೂಲಕ ಕೆಲವು ಸ್ಪರ್ಧಿಗಳ ದೇಹತಾಪವನ್ನು ದೋಹಾದಲ್ಲಿ ವಿಜ್ಞಾನಿಗಳು ದಾಖಲಿಸಿಕೊಂಡದ್ದು ಈ ಕಾರಣಕ್ಕಾಗಿಯೇ. ಮಂಜುಗಡ್ಡೆ ತುಂಬಿದ ಟೋಪಿ, ಕತ್ತಿಗೆ ಸುತ್ತಿದ ತಣ್ಣನೆಯ ಪಟ್ಟಿ, ಪ್ರತಿ ಸುತ್ತಿಗೂ ತಲೆಯ ಮೇಲೆ ನೀರು. ಸ್ಪರ್ಧಿಗಳ ಆಯುಧಗಳು ಇಷ್ಟೇ.

ಹಾಲಿ ಚಾಂಪಿಯನ್ ಡಿನಿ ಕೂಟಕ್ಕೆ ಮೊದಲೇ ಸಂಘಟಕರ ವಿರುದ್ಧ ಗುಡುಗಿದ್ದರು. ಒಳಗೆ ಆಡುವವರಿಗೆ ತಂಪು, ಹೊರಗೆ ನಡೆಯುವವರಿಗೆ ಕುಲುಮೆ ಎಂಬುದು ಅವರ ಆಕ್ಷೇಪದ ಸಾರ. ಎರಡು ವರ್ಷ ಹಿಂದೆ, 39ರ ವಯಸ್ಸಿನಲ್ಲಿ, ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 3 ಗಂಟೆ 33 ನಿಮಿಷ 12 ಸೆಕೆಂಡುಗಳಲ್ಲಿ ಗೆದ್ದಿದ್ದ ಅವರು ದೋಹಾದಲ್ಲಿ ಅರ್ಧ ದಾರಿಗೂ ಮುನ್ನವೇ ನಿವೃತ್ತರಾದರು.

ಸುಜುಕಿ ಮಾತ್ರ ಆರಂಭದಲ್ಲೇ ಮುಂದೆ ಹೋಗಿ, ಹಿಂತಿರುಗಿ ನೋಡಲಿಲ್ಲ. ಅವರ ಕಥೆಯೂ ಸಣ್ಣದಲ್ಲ. 2015ರ ಮಾರ್ಚ್‌ನಲ್ಲಿ ಹುಟ್ಟೂರು ನೋಮಿಯಲ್ಲಿ 20 ಕಿ.ಮೀ. ದೂರವನ್ನು 1 ಗಂಟೆ 16 ನಿಮಿಷ 36 ಸೆಕೆಂಡುಗಳಲ್ಲಿ ನಡೆದು ವಿಶ್ವದಾಖಲೆ ಬರೆದವರು ಅವರು. ಆ ದಾಖಲೆ ಸುಮಾರು ಹತ್ತು ವರ್ಷ ಬಾಳಿತು. ಆದರೆ ದಾಖಲೆಯ ವರ್ಷವೇ ಗಾಯ ಕಾಡಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಸ್ಪರ್ಧೆಯಿಂದ ದೂರವಿರಬೇಕಾಯಿತು. ಮರಳಿ ಬಂದವರು 50 ಕಿ.ಮೀ.ಗೆ ಹೊರಳಿ, 2019ರ ಏಪ್ರಿಲ್‌ನಲ್ಲಿ 3 ಗಂಟೆ 39 ನಿಮಿಷ 7 ಸೆಕೆಂಡುಗಳ ಜಪಾನ್ ದಾಖಲೆ ಬರೆದರು. ದೋಹಾದಲ್ಲಿ ಅದೇ ಮನುಷ್ಯನಿಗೆ ಅದೇ ದೂರಕ್ಕೆ 25 ನಿಮಿಷ ಹೆಚ್ಚು ಬೇಕಾಯಿತು. ಕೊನೆಯ ಸುತ್ತುಗಳಲ್ಲಿ ಅವರು ನೀರಿನ ಮೇಜಿನ ಬಳಿ ನಿಧಾನಿಸಿ, ಕುಡಿದು, ಮತ್ತೆ ಹೊರಡುತ್ತಿದ್ದರು. ಹಿಂದಿದ್ದ ವಿಯೆರಾ ಮತ್ತು ಡನ್ಫಿ ಅಂತರವನ್ನು ಕರಗಿಸುತ್ತಲೇ ಬಂದರು. 39 ಸೆಕೆಂಡು ಉಳಿದಿರುವಾಗ ದಾರಿ ಮುಗಿಯಿತು. ಈ ಸ್ಪರ್ಧೆಯ ಇತಿಹಾಸದಲ್ಲಿ ವಿಶ್ವ ಚಾಂಪಿಯನ್ ಒಬ್ಬರು ಇಷ್ಟು ನಿಧಾನವಾಗಿ ಗೆದ್ದಿದ್ದಿಲ್ಲ. ಆ ರಾತ್ರಿಯ ಮಟ್ಟಿಗೆ ಗಡಿಯಾರವನ್ನು ಅಳತೆಗೋಲಾಗಿ ಹಿಡಿಯುವುದು ಅನ್ಯಾಯ.

ಟೋಕಿಯೊದಿಂದ ಸಪ್ಪೊರೊಗೆ

ದೋಹಾ ಕೂಟ ಮುಗಿದು ಎರಡು ವಾರವೂ ಕಳೆದಿರಲಿಲ್ಲ. ಅಕ್ಟೋಬರ್ 16ರಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಮುಂದಿನ ಒಲಿಂಪಿಕ್ಸ್‌ನ ಮ್ಯಾರಥಾನ್ ಮತ್ತು ನಡಿಗೆ ಸ್ಪರ್ಧೆಗಳನ್ನು ಟೋಕಿಯೊದಿಂದ ಸುಮಾರು 800 ಕಿ.ಮೀ. ಉತ್ತರದ ಸಪ್ಪೊರೊ ನಗರಕ್ಕೆ ಒಯ್ಯುವ ಯೋಜನೆ ಪ್ರಕಟಿಸಿತು. ಟೋಕಿಯೊದ ಗವರ್ನರ್ ಯುರಿಕೊ ಕೊಯಿಕೆ ಅಸಮಾಧಾನವನ್ನು ಬಚ್ಚಿಡಲಿಲ್ಲ. ಆದರೂ ನವೆಂಬರ್ 1ರಂದು ನಿರ್ಧಾರ ಅಂತಿಮವಾಯಿತು.

ಕೋವಿಡ್‌ನಿಂದಾಗಿ ಒಂದು ವರ್ಷ ತಡವಾಗಿ, 2021ರ ಆಗಸ್ಟ್ 6ರಂದು ಸಪ್ಪೊರೊದಲ್ಲಿ ನಡೆದ 50 ಕಿ.ಮೀ. ಸ್ಪರ್ಧೆಯಲ್ಲಿ ಪೋಲೆಂಡಿನ ದಾವಿದ್ ತೊಮಾಲಾ 3 ಗಂಟೆ 50 ನಿಮಿಷ 8 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಡನ್ಫಿ ಕೊನೆಯ ಸುತ್ತಿನಲ್ಲಿ ಸ್ಪೇನ್‌ನ ಮಾರ್ಕ್ ಟುರ್ ಅವರನ್ನು ಹಿಂದಿಕ್ಕಿ ಕಂಚು ಪಡೆದರು. 45 ವರ್ಷದ ವಿಯೆರಾ ಐದನೆಯವರಾದರು. ಸುಜುಕಿ ಆ ಸಾಲಿನಲ್ಲಿ ಇರಲೇ ಇಲ್ಲ. ದೋಹಾದ ಗೆಲುವಿನಿಂದಲೇ ಒಲಿಂಪಿಕ್ಸ್ ಸ್ಥಾನ ಗಿಟ್ಟಿಸಿದ್ದ ಅವರು, ಆ ಸ್ಪರ್ಧೆಯ ಬಳಿಕ ದೇಹ ಚೇತರಿಸಿಕೊಳ್ಳಲಿಲ್ಲವೆಂದು 2021ರ ಜೂನ್‌ನಲ್ಲಿ ಹಿಂದೆ ಸರಿದಿದ್ದರು.

50 ಕಿ.ಮೀ.ಗೆ ಏಕೆ ವಿದಾಯ?

ಬಿಸಿಲಿಗೂ ಈ ವಿದಾಯಕ್ಕೂ ನೇರ ಸಂಬಂಧವಿಲ್ಲ. ಪುರುಷರ 50 ಕಿ.ಮೀ. ನಡಿಗೆ 1932ರ ಲಾಸ್ ಏಂಜಲೀಸ್‌ನಿಂದ ಒಲಿಂಪಿಕ್ಸ್‌ನಲ್ಲಿತ್ತು. 1976ರಲ್ಲಿ ಮಾತ್ರ ಅದನ್ನು ಕೈಬಿಡಲಾಯಿತು. ಅದಕ್ಕೆ ಪ್ರತಿಯಾಗಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ ಅದೇ ವರ್ಷ ಸ್ವೀಡನ್ನಿನ ಮಾಲ್ಮೊದಲ್ಲಿ ಆ ಒಂದೇ ಸ್ಪರ್ಧೆಗಾಗಿ ವಿಶ್ವ ಚಾಂಪಿಯನ್‌ಷಿಪ್ ಏರ್ಪಡಿಸಿತು. ಸೋವಿಯತ್ ಒಕ್ಕೂಟದ ವೆನಿಯಮಿನ್ ಸೊಲ್ದಾತೆಂಕೊ ಗೆದ್ದರು. 1983ರ ಹೆಲ್ಸಿಂಕಿಯಿಂದ ನಾವು ನೋಡುತ್ತಿರುವ ಬೃಹತ್ ವಿಶ್ವ ಚಾಂಪಿಯನ್‌ಷಿಪ್‌ಗೆ ಮುನ್ನುಡಿ ಬರೆದದ್ದು, ಹೀಗೆ, ಅಥ್ಲೆಟಿಕ್ಸ್‌ನ ಅತ್ಯಂತ ನಿರ್ಲಕ್ಷಿತ ಸ್ಪರ್ಧೆ.

ಅದನ್ನು ಕೈಬಿಡಲು ಕೊಟ್ಟ ಮುಖ್ಯ ಕಾರಣ ಲಿಂಗ ಸಮಾನತೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ದೂರದ ಸ್ಪರ್ಧೆ ಇರಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2017 ಮತ್ತು 2019ರಲ್ಲಿ ಮಾತ್ರ ಅವರಿಗೆ ಅವಕಾಶ ದೊರೆಯಿತು. ದೋಹಾದಲ್ಲಿ ಪುರುಷರೊಂದಿಗೇ ಹೊರಟ ಮಹಿಳೆಯರ ಸ್ಪರ್ಧೆಯನ್ನು ಚೀನಾದ ಲಿಯಾಂಗ್ ರುಯಿ ಗೆದ್ದರು. ತಮ್ಮ ಸ್ಪರ್ಧೆಯನ್ನೂ ಟೋಕಿಯೊಗೆ ಸೇರಿಸಬೇಕೆಂದು ಕೆಲವು ನಡಿಗೆಗಾರ್ತಿಯರು ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿದರು. ತನಗೆ ಆ ಅಧಿಕಾರ ವ್ಯಾಪ್ತಿ ಇಲ್ಲವೆಂದು 2020ರಲ್ಲಿ ಮಂಡಳಿ ಹೇಳಿತು. ಇಲ್ಲದವರಿಗೆ ಕೊಟ್ಟು ಸಮಾನತೆ ತರುವ ಬದಲು ಇದ್ದವರಿಂದ ಕಿತ್ತುಕೊಂಡು ಸಮಾನತೆ ತಂದಂತಾಯಿತು ಎಂಬ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ನಾಲ್ಕು ಗಂಟೆಗಳ ಸ್ಪರ್ಧೆಯನ್ನು ಕುಳಿತು ನೋಡುವ ದೂರದರ್ಶನ ಪ್ರೇಕ್ಷಕರು ಕಡಿಮೆ ಎಂಬುದೂ ನಿಜವೇ.

ಇನ್ನೊಂದು ಕಳಂಕವೂ ಈ ಕ್ರೀಡೆಗಿತ್ತು. ರಷ್ಯಾದ ಸರಾನ್ಸ್ಕ್ ಕೇಂದ್ರದ ಕೋಚ್ ವಿಕ್ಟರ್ ಚೆಗಿನ್ ಅವರ ಶಿಷ್ಯರು ಒಬ್ಬೊಬ್ಬರಾಗಿ ಮದ್ದು ಸೇವನೆಯಲ್ಲಿ ಸಿಕ್ಕಿಬಿದ್ದರು; ಚೆಗಿನ್‌ಗೆ 2016ರಲ್ಲಿ ಆಜೀವ ನಿಷೇಧ ವಿಧಿಸಲಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನ 50 ಕಿ.ಮೀ. ಚಿನ್ನ ಸೆರ್ಗೈ ಕಿರ್ದ್ಯಾಪ್ಕಿನ್ ಅವರಿಂದ ಕೈಬಿಟ್ಟು, ನಾಲ್ಕು ವರ್ಷಗಳ ಬಳಿಕ ಮೆಲ್ಬರ್ನ್‌ನ ಸಮಾರಂಭವೊಂದರಲ್ಲಿ ಆಸ್ಟ್ರೇಲಿಯಾದ ಜೇರ್ಡ್ ಟಾಲೆಂಟ್ ಅವರ ಕೊರಳಿಗೆ ಬಂತು. ವಿಯೆರಾ ಕೂಡ 2013ರ ಮಾಸ್ಕೊ ವಿಶ್ವ ಚಾಂಪಿಯನ್‌ಷಿಪ್‌ನ 20 ಕಿ.ಮೀ.ನಲ್ಲಿ ನಾಲ್ಕನೆಯವರಾಗಿ ಮನೆಗೆ ಹೋಗಿ, ವಿಜೇತ ರಷ್ಯನ್ ಅನರ್ಹಗೊಂಡಾಗ ವರ್ಷಗಳ ನಂತರ ಕಂಚಿಗೆ ಹಕ್ಕುದಾರರಾದವರು.

ಭಾರತಕ್ಕೆ ಈ ಸ್ಪರ್ಧೆ ತೀರ ಹೊಸತಲ್ಲ. 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಹಕಮ್ ಸಿಂಗ್, 1982ರ ದೆಹಲಿಯಲ್ಲಿ ಚಾಂದ್ ರಾಮ್ 20 ಕಿ.ಮೀ. ಚಿನ್ನ ಗೆದ್ದಿದ್ದರು. ಲಂಡನ್ ಒಲಿಂಪಿಕ್ಸ್‌ನಲ್ಲಿ ಕೇರಳದ ಕೆ.ಟಿ. ಇರ್ಫಾನ್ 1 ಗಂಟೆ 20 ನಿಮಿಷ 21 ಸೆಕೆಂಡುಗಳೊಂದಿಗೆ ಹತ್ತನೆಯ ಸ್ಥಾನ ಪಡೆದರು. ಇರ್ಫಾನ್ ಸೇರಿದಂತೆ ದೇಶದ ಪ್ರಮುಖ ನಡಿಗೆ ಸ್ಪರ್ಧಿಗಳು ವರ್ಷಗಟ್ಟಲೆ ಅಭ್ಯಾಸ ನಡೆಸಿದ್ದು ನಮ್ಮ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ದೋಹಾದ 20 ಕಿ.ಮೀ.ನಲ್ಲೂ ಅವರಿದ್ದರು, 50 ಕಿ.ಮೀ.ಗೆ ಭಾರತೀಯರು ಇರಲಿಲ್ಲ.

50 ಕಿ.ಮೀ. ಜಾಗಕ್ಕೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2022ರಿಂದ 35 ಕಿ.ಮೀ. ಬಂತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷ ಮತ್ತು ಮಹಿಳೆ ಜೋಡಿಯಾಗಿ ನಡೆಯುವ ಮ್ಯಾರಥಾನ್ ರಿಲೇ ಪ್ರಯೋಗಿಸಲಾಯಿತು. ಅದೂ ನೆಲೆ ನಿಲ್ಲಲಿಲ್ಲ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2026ರಿಂದ ನಡಿಗೆಯ ದೂರಗಳನ್ನು ಹಾಫ್ ಮ್ಯಾರಥಾನ್ ಮತ್ತು ಮ್ಯಾರಥಾನ್‌ಗೆ ಹೊಂದಿಸಲು ನಿರ್ಧರಿಸಿತು. ಓಟದ ಅಭಿಮಾನಿಗಳಿಗೆ ಹೋಲಿಕೆ ಸುಲಭವಾಗಲಿ ಎಂಬುದು ಉದ್ದೇಶ.

ಡನ್ಫಿ ಅವರನ್ನು ಇಷ್ಟಕ್ಕೇ ಬಿಡಲಾಗದು. 2016ರ ರಿಯೊ ಒಲಿಂಪಿಕ್ಸ್‌ನ 50 ಕಿ.ಮೀ.ನಲ್ಲಿ ಗುರಿ ಹತ್ತಿರವಿದ್ದಾಗ ಜಪಾನ್‌ನ ಹಿರೂಕಿ ಅರಾಯ್ ಅವರಿಗೆ ತಾಗಿ ಲಯ ತಪ್ಪಿ ನಾಲ್ಕನೆಯವರಾಗಿದ್ದವರು ಅವರು. ದೂರಿನ ಮೇರೆಗೆ ಅರಾಯ್ ಅನರ್ಹರಾದರು, ಮೇಲ್ಮನವಿಯಲ್ಲಿ ಕಂಚು ಮರಳಿ ಪಡೆದರು. ಕ್ರೀಡಾ ನ್ಯಾಯಮಂಡಳಿಗೆ ಹೋಗುವ ಅವಕಾಶವಿದ್ದರೂ ಡನ್ಫಿ ಹೋಗಲಿಲ್ಲ. ಆ ಸಂಪರ್ಕ ಉದ್ದೇಶಪೂರ್ವಕವಲ್ಲವೆಂಬುದು ಅವರ ನಿಲುವಾಗಿತ್ತು. ಮೂರು ವರ್ಷಗಳ ನಂತರ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ 50 ಕಿ.ಮೀ.ನ ಕಂಚು, ಸಪ್ಪೊರೊದಲ್ಲಿ ಒಲಿಂಪಿಕ್ಸ್‌ನ ಕೊನೆಯ 50 ಕಿ.ಮೀ.ನ ಕಂಚು ಅವರದಾದವು. 2025ರ ಸೆಪ್ಟೆಂಬರ್ 13ರ ಬೆಳಿಗ್ಗೆ, ಆರು ವರ್ಷಗಳ ಹಿಂದೆ ನಡಿಗೆ ಸ್ಪರ್ಧೆಗೆ ಯೋಗ್ಯವಲ್ಲವೆಂದು ಕೈಬಿಟ್ಟಿದ್ದ ಅದೇ ಟೋಕಿಯೊದ ರಸ್ತೆಗಳಲ್ಲಿ, ಮೈಸುಡುವ ಸೆಕೆಯಲ್ಲೇ ಅವರು 35 ಕಿ.ಮೀ. ದೂರವನ್ನು 2 ಗಂಟೆ 28 ನಿಮಿಷ 22 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವ ಚಾಂಪಿಯನ್ ಆದರು. ದೂರಗಳು ಬದಲಾಗುವುದರಿಂದ ವಿಶ್ವ ಚಾಂಪಿಯನ್‌ಷಿಪ್‌ನ ಪುರುಷರ 35 ಕಿ.ಮೀ. ನಡಿಗೆಗೂ ಅದೇ ಕೊನೆಯ ಸಲ.